ಕುಲಾವಿ ಹಾಕಿಕೊಂಡ ಕರು

ಆಗ ತಾನೇ ಹುಟ್ಟಿದ ಕರುವಿನ ಕಾಲುಗಳು ಮಡಚಿಕೊಂಡೇ ಇರುತ್ತವೆ ಎಂದು ನಾನು ಬಹಳ ಕಾಲ ನಂಬಿದ್ದೆ. ಈ ತಪ್ಪು ತಿಳಿವಳಿಕೆಗೆ ಬಳ್ಳಾರಿಯ ನಮ್ಮ ಕಾನ್ವೆಂಟೇ ಕಾರಣ. ಡಿಸೆಂಬರ್ ಬಂತೆಂದರೆ ಸಿಸ್ಟರುಗಳು ಚಾಪೆಲ್ಲಿನ ಒಂದು ಮೂಲೆಯಲ್ಲಿ ಭತ್ತದ ಹುಲ್ಲು ಹರಡಿ ಯೇಸು ಹುಟ್ಟಿದ ಕೊಟ್ಟಿಗೆಯ ಕ್ರಿಬ್ ಕೂಡಿಸುತ್ತಿದ್ದರು. ಬಾಲಯೇಸುವಿನ ಪಕ್ಕದಲ್ಲಿ ಒಂದು ಪ್ಲಾಸ್ಟರಿನ ಕರು, ನಾಲ್ಕೂ ಕಾಲನ್ನು ಹೊಟ್ಟೆಯಡಿ ನೀಟಾಗಿ ಮಡಚಿಕೊಂಡು, ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಕೂತ ಹುಡುಗಿಯ ಹಾಗೆ ಕೂತಿರುತ್ತಿತ್ತು. ನಮ್ಮ ಮನೆಯಲ್ಲಿ ದನ ಇರಲಿಲ್ಲ. ಅಪ್ಪ ಕೋರ್ಟಿನಲ್ಲಿ ವಕೀಲರು. ಗೌಳಿಗನ ಎಮ್ಮೆ ತಾನೇ ಬಾಗಿಲಿಗೆ ನಡೆದು ಬಂದು, ಹಾಲು ಕರೆಸಿಕೊಂಡು, ಗಂಭೀರವಾಗಿ ಮುಂದಿನ ಮನೆಗೆ ಹೋಗುತ್ತಿತ್ತು. ಎಳೆಗರು ಎಂದರೆ ನಾನು ಕಂಡದ್ದು ಆ ಪ್ಲಾಸ್ಟರಿನದೊಂದೇ.

ಹಾಗಾಗಿ ಆ ಸಲದ ಕ್ರಿಸ್‌ಮಸ್ ಹಾಲಿಡೇಸಿಗೆ ಕುರುಗೋಡಿನ ಅಜ್ಜಿಯ ಮನೆಗೆ ಹೋಗಿ ಇಳಿದಾಗ, ಕೊಟ್ಟಿಗೆಯ ಬಾಗಿಲಲ್ಲಿ ನಿಂತವರ ಮುಖಗಳೆಲ್ಲ ಯಾಕೆ ಹಾಗೆ ಸಪ್ಪಗಿವೆ ಎಂದು ನನಗೆ ತಿಳಿಯಲಿಲ್ಲ. ಯುದ್ಧ ಮುಗಿದು ಪೆಟ್ರೋಲು ಇನ್ನೂ ಸಲೀಸಾಗಿ ಸಿಗದ ಕಾಲ. ಇದ್ದಲಿನ ಗ್ಯಾಸಿನ ಬಸ್ಸಿನಲ್ಲಿ ಕೂತು ಬಂದ ನನ್ನ ಬಿಳಿ ಫ್ರಾಕು ಬೂದಿಬಣ್ಣಕ್ಕೆ ತಿರುಗಿತ್ತು. ಬೇರೆ ದಿನವಾಗಿದ್ದರೆ ಅಜ್ಜಿ ಮೊದಲು ನನ್ನನ್ನು ಹಿಡಿದು ಬಚ್ಚಲಿಗೆ ಎಳೆಯುತ್ತಿದ್ದಳು. ಅವತ್ತು ನನ್ನ ಕಡೆ ತಿರುಗಲೂ ಇಲ್ಲ.

ಬೆಳಿಗ್ಗೆ ಆಕಳು ಈದಿತ್ತು. ಹೆಣ್ಣುಗರು. ತಾಯಿಯ ಹಾಗೆಯೇ ಕಂದು ಬಣ್ಣ, ಹಣೆಯ ಮೇಲೆ ಮಾತ್ರ ಒಂದು ಬಿಳಿ ಮಚ್ಚೆ. ಹಿಂಗಾಲು ಎರಡೂ ಸರಿಯಾಗಿದ್ದವು. ಮುಂಗಾಲುಗಳು ಮಾತ್ರ ಗೊರಸಿನ ಮೇಲಿನ ಕೀಲಿನಲ್ಲಿ ಹಿಂದಕ್ಕೆ ಮಡಚಿಕೊಂಡುಬಿಟ್ಟಿದ್ದವು. ಎದ್ದು ನಿಲ್ಲಲು ಹೋದರೆ ಗೊರಸು ನೆಲಕ್ಕೆ ತಾಗದು. ಮುಷ್ಟಿ ಕಟ್ಟಿ ನೆಲ ಗುದ್ದಿದ ಹಾಗೆ ಕೀಲಿನ ಮುಂಭಾಗವೇ ನೆಲಕ್ಕೆ ತಾಗುತ್ತಿತ್ತು. ಒಂದು ಕ್ಷಣ ಹಾಗೆ ನಿಂತು, ಕೊಡೆ ಮಡಚಿದ ಹಾಗೆ ಕುಸಿದು ಕೂರುತ್ತಿತ್ತು.

"ಸಿರುಗುಪ್ಪಿ ದನ," ಎಂದಳು ಅಜ್ಜಿ. "ಹುಟ್ಟಿದಾಗಿಂದ ಗದ್ದಿ ಕೆಸರಾಗ ನಿಂತು ಬೆಳದದ್ದು. ಕಾಲು ಗಟ್ಟಿ ಎಲ್ಲಿಂದ ಬರಬೇಕು?"

ಮಾತು ಆಕಳಿಗೆ ಅಂದದ್ದಾದರೂ ಹೋಗಿ ತಾಗಬೇಕಾದದ್ದು ಅಡಿಗೆಮನೆಗೆ. ಅಲ್ಲಿ ನನ್ನ ಅತ್ತೆ, ಅಂದರೆ ಮಾವನ ಹೆಂಡತಿ, ರೊಟ್ಟಿ ಬಡಿಯುತ್ತಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಸಿರುಗುಪ್ಪದ ಹುಡುಗಿ. ತಲೆಯ ಮೇಲಿನ ಸೆರಗು ಜಾರದ ಹಾಗೆ ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡೇ ಕೆಲಸ ಮಾಡುತ್ತಿದ್ದಳಾದ್ದರಿಂದ ಅವಳ ದನಿ ಹೇಗಿದೆ ಎಂಬುದೇ ಆ ಮನೆಯಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಆ ಆಕಳು ಅವಳ ಜೊತೆ ಬಳುವಳಿಯಾಗಿ ಬಂದದ್ದು.

ಬಳುವಳಿ ಆಕಳ ವಿಷಯದಲ್ಲಿ ಅಜ್ಜಿಯ ಮನೆಯಲ್ಲಿ ಒಂದು ಪದ್ಧತಿ ಇತ್ತು. ಆಕಳು ಮನೆಗೆ ಸೇರಿದ್ದು. ಅದರ ಮೊದಲ ಹೆಣ್ಣುಗರು ಮಾತ್ರ ಸೊಸೆಯದು. ಆ ಕರು ಬೆಳೆದು ಈದರೆ ಅದರ ಹಾಲು, ಬೆಣ್ಣೆ, ಮುಂದಿನ ಕರುಗಳು ಎಲ್ಲ ಅವಳವೇ. ಯಾರಿಗೆ ಕೊಡಲಿ, ಏನು ಮಾಡಲಿ, ಯಾರೂ ಕೇಳುವ ಹಾಗಿಲ್ಲ. ಅಜ್ಜಿಯೂ ಒಂದು ಕಾಲಕ್ಕೆ ಹೀಗೆಯೇ ತನ್ನ ಕರುವನ್ನು ಪಡೆದಿದ್ದಳು. ಕೊಟ್ಟಿಗೆಯಲ್ಲಿ ಇದ್ದ ಅರ್ಧ ದನ ಅದರ ಸಂತಾನವೇ. ಆದ್ದರಿಂದ ಅಜ್ಜಿಯ ಮಾತಿಗೆ ಆ ಮನೆಯಲ್ಲಿ ಅಷ್ಟು ತೂಕ ಎಂದು ತಾತ ತಮಾಷೆ ಮಾಡುತ್ತಿದ್ದ. ಆದರೆ ಬಳುವಳಿ ಆಕಳು ಖೋಡಿ, ಐಬಿನದು ಎಂದು ತವರಿಗೆ ತಿರುಗಿ ಹೋದರೆ ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ಆಕಳ ಹಿಂದೆಯೇ ಮಾತೂ ಹೋಗುತ್ತದೆ, ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ, ಬೀಗರ ಪಡಸಾಲೆಯಲ್ಲಿ. ಹುಡುಗಿ ಎಷ್ಟು ವರ್ಷ ಸಂಸಾರ ಮಾಡಿದರೂ ಆ ಮಾತು ಸಾಯುವುದಿಲ್ಲ.

ಅಜ್ಜಿ ಅವತ್ತೇ ತೀರ್ಮಾನ ಹೇಳಿಬಿಟ್ಟಳು.

"ಎಳ್ಳಮಾಸಿ ಮುಗದ ಮರುದಿನ ಅಕ್ಕಿ ತರಾಕ ಸಿರುಗುಪ್ಪಿಗೆ ಬಂಡಿ ಹೊಂಡತೈತಿ. ಅಷ್ಟರಾಗ ತನ್ನ ಕಾಲಿನ ಮ್ಯಾಲೆ ತಾನು ನಿಂತು ಮಲಿ ಕುಡದ್ರ ಇರ್ಲಿ. ಇಲ್ಲಂದ್ರ ಕರ ಬಂಡ್ಯಾಗ, ತಾಯಿ ಬಂಡಿ ಹಿಂದ. ತವರಿಗೆ ಹೋಗ್ಲಿ ಇಬ್ರೂ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಕರು ನಿಲ್ಲದಿದ್ದರೆ ಹಾಲೂ ಇಲ್ಲ. ನಮ್ಮ ಕಡೆಯ ಆಕಳುಗಳು ಇಂಗ್ಲಿಷ್ ಪುಸ್ತಕದ ಆಕಳಿನ ಹಾಗೆ ಯಾರು ಬಂದು ಕೂತರೂ ಬಕೆಟ್ಟು ತುಂಬಿಸುವಂಥವಲ್ಲ. ಕರು ಬಂದು ಕೆಚ್ಚಲು ಗುದ್ದಬೇಕು, ಆಗಷ್ಟೇ ಸೊರೆ ಬಿಟ್ಟು ಹಾಲು ಇಳಿಸುತ್ತವೆ. ಅಜ್ಜಿ ಹೇಗೋ ಮಾಡಿ ಮೊದಲ ಗಿಣ್ಣದ ಹಾಲನ್ನು ಹಿಂಡಿ, ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದಲ್ಲಿ ತುಂಬಿ, ಕರುವಿನ ಬಾಯಿಗೆ ಹನಿಹನಿಯಾಗಿ ಬಿಟ್ಟಳು. ಬೈದುಕೊಳ್ಳುತ್ತಲೇ ಕುಡಿಸಿದಳು. ಬೈಗುಳವೆಲ್ಲ ಸಿರುಗುಪ್ಪದ ಬೀಗರಿಗೆ, ಮುದ್ದೆಲ್ಲ ಕರುವಿಗೆ.

ನಮ್ಮ ಪುಣ್ಯಕ್ಕೆ ದನಗಳಿಗೆ ಸೂಜಿ ಹಾಕಲು ದನದ ಡಾಕ್ಟರು ಆ ವಾರ ಕುರುಗೋಡಿನಲ್ಲಿ ಕ್ಯಾಂಪು ಹಾಕಿದ್ದರು. ಮದ್ರಾಸು ಸರ್ಕಾರದ ಮನುಷ್ಯ, ಮಾತು ಅರ್ಧ ತೆಲುಗು ಅರ್ಧ ಕನ್ನಡ. ಖಾಕಿ ಚಡ್ಡಿ, ತಲೆಗೆ ಸೋಲಾ ಹ್ಯಾಟು. ತಾತ ಚಾವಡಿಗೆ ಹೋಗಿ ಕರೆದುಕೊಂಡು ಬಂದ. ಅವರು ಕೊಟ್ಟಿಗೆಯಲ್ಲಿ ಮಂಡಿಯೂರಿ ಕೂತು, ಕರುವಿನ ಮುಂಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಮೇಲಿಂದ ಕೆಳಗಿನ ತನಕ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮಡಚಿದ ಗೊರಸನ್ನು ಮೆಲ್ಲಗೆ ಮುಂದಕ್ಕೆ ಎಳೆದರು. ಸಾಕಷ್ಟು ಬಂತು, ಬಿಟ್ಟ ಕೂಡಲೇ ಮತ್ತೆ ಮಡಚಿಕೊಂಡಿತು.

"ಏಮೀ ಕಾಲೇದಮ್ಮಾ, ಏನೂ ಆಗಿಲ್ಲ," ಎಂದರು ಅಜ್ಜಿಗೆ. "ಎಲುಬು ಚಲೋ ಐತಿ. ಹಿಂದಿನ ನರ ಗಿಡ್ಡ ಆಗೈತಿ, ಅಷ್ಟ. ಹೊಟ್ಟ್ಯಾಗ ಜಾಗ ಸಾಲದ ಮುದುಡಿಕೊಂಡಿತ್ತು."

"ಜಾಗ ಸಾಲಲಿಲ್ಲ ಅಂದ್ರ? ನಮ್ಮನ್ಯಾಗ ಮೇವಿಗೇನು ಕಡಿಮಿ ಆಗಿತ್ತೇನ್ರಿ?"

"ಮೇವು ಜಾಸ್ತಿ ಆಗೇ ಕರ ದೊಡ್ಡದಾಗಿರಬೇಕು ಬಿಡ್ರಿ."

ಅಜ್ಜಿಗೆ ಈ ಉತ್ತರ ಹಿಡಿಸಿತು. ಡಾಕ್ಟರಿಗೆ ಮಜ್ಜಿಗೆ ತರಿಸಿದಳು.

ಬಿದಿರನ್ನು ಸೀಳಿ, ಚೂಪೆಲ್ಲ ಹೆರೆಸಿ, ಕೈಬೆರಳಗಲದ ದಬ್ಬೆಗಳನ್ನು ಮಾಡಿಸಿದರು. ಬಳ್ಳಾರಿ ಸೀಮೆಯಲ್ಲಿ ಹತ್ತಿಗೆ ಏನು ಬರ? ಅರಳೆಯನ್ನು ಕಾಲಿನ ಸುತ್ತ ದಪ್ಪಗೆ ಸುತ್ತಿ, ಹಿಂಬದಿಗೆ ದಬ್ಬೆ ಇಟ್ಟು, ಗೊರಸನ್ನು ನೇರಕ್ಕೆ ಹಿಡಿದು, ತಾತನ ಹಳೆಯ ಧೋತರದ ಪಟ್ಟಿಯಿಂದ ಕಟ್ಟಿದರು. ಗಂಟು ಹಾಕುವ ಹೊತ್ತಿಗೆ ನಾನು ಮುಂದೆ ಬಂದೆ. ಕಾನ್ವೆಂಟಿನಲ್ಲಿ ಫಸ್ಟ್ ಏಡ್ ಕಲಿಸುತ್ತಿದ್ದರು. ಪಕ್ಕದ ಹುಡುಗಿಯ ಮುರಿಯದ ಕೈಯನ್ನು ನಾನು ಎಷ್ಟು ಸಲ ಕಟ್ಟಿದ್ದೆನೋ.

"ರೀಫ್ ನಾಟ್ ಹಾಕಬೇಕು ಸರ್, ಅದು ಜಾರುವುದಿಲ್ಲ," ಎಂದೆ ಇಂಗ್ಲಿಷಿನಲ್ಲಿ.

ಡಾಕ್ಟರು ಹ್ಯಾಟು ಹಿಂದಕ್ಕೆ ಸರಿಸಿ ನನ್ನನ್ನು ನೋಡಿದರು. "ವೆರಿ ಗುಡ್. ಯು ಟೈ ಇಟ್," ಎಂದು ಪಟ್ಟಿಯ ತುದಿಯನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಆ ಪಟ್ಟಿಯ ಗಂಟುಗಳೆಲ್ಲ ನನ್ನ ಡಿಪಾರ್ಟ್‌ಮೆಂಟು.

ಹೋಗುವಾಗ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಬಿಗಿ ಕಟ್ಟಬ್ಯಾಡ್ರಿ, ಗೊರಸು ತಣ್ಣಗಾದ್ರ, ಬಾತ್ರ ಸಡ್ಲ ಮಾಡ್ರಿ. ಮುಂಜಾನಿ ಸಂಜಿ ಬಿಚ್ಚಿ ಎಣ್ಣಿ ತಿಕ್ಕಿ ನರ ಎಳೀರಿ. ಮತ್ತ ಗಟ್ಟಿ ನೆಲದ ಮ್ಯಾಲೆ ಬಿಡ್ರಿ. ಅದು ತನ್ನ ಭಾರ ತಾನು ಹಾಕಿದ್ರನ ನರ ಉದ್ದ ಆಗತೈತಿ."

ಎಣ್ಣೆಯ ತನಕ ಅಜ್ಜಿ ಕೇಳಿಸಿಕೊಂಡಳು. ಮುಂದಿನದು ಅವಳ ಕಿವಿಗೆ ಬೀಳಲೇ ಇಲ್ಲ.

ಇಲ್ಲಿ ಅಜ್ಜಿಯ ವಿಷಯ ಒಂದು ಹೇಳಬೇಕು. ಕುರುಗೋಡಿನಲ್ಲಿ ಅವಳು ಕೂಸು ಎರೆಯುವುದಕ್ಕೆ ಹೆಸರಾದವಳು. ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲ ಎಣ್ಣೆನೀರಿಗೆ ಅಜ್ಜಿಯೇ ಬೇಕು. ಕಾಲು ನೀಡಿ ಕೂತು, ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಬೆನ್ನು ತಿಕ್ಕಿ, ಮೂಗು ತೀಡಿ, ಕೈಕಾಲು ನೀವಿ, ಲೋಬಾನದ ಹೊಗೆ ಹಿಡಿದು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಟ್ಟಳೆಂದರೆ ಎಂಥ ಅಳುಬುರುಕ ಕೂಸಾದರೂ ಮುಸ್ಸಂಜೆಯ ತನಕ ಮಿಸುಕುತ್ತಿರಲಿಲ್ಲ. ಸೊಟ್ಟ ಕಾಲಿನ ಕೂಸುಗಳನ್ನು ನೀವಿ ನೀವಿಯೇ ನೆಟ್ಟಗೆ ಮಾಡಿದ್ದಳು ಎಂದು ಊರೇ ಹೇಳುತ್ತಿತ್ತು. ಕೂಸಿನ ಕಾಲು ತಿದ್ದಿದ ಕೈಗೆ ಕರುವಿನ ಕಾಲು ಯಾವ ಲೆಕ್ಕ?

ಕೊಟ್ಟಿಗೆಯ ಪಕ್ಕದ ಕತ್ತಲೆ ಕೋಣೆ ಕರುವಿನ ಬಾಣಂತಿಕೋಣೆಯಾಯಿತು. ನೆಲಕ್ಕೆ ಹುಲ್ಲು, ಹುಲ್ಲಿನ ಮೇಲೆ ಗೋಣಿ, ಗೋಣಿಯ ಮೇಲೆ ಅಜ್ಜಿಯ ಸ್ವಂತ ಕೌದಿ. ಬೆಳಿಗ್ಗೆ ಬಿಸಿ ಹರಳೆಣ್ಣೆ, ಆಮೇಲೆ ಬಿಸಿನೀರು, ಆಮೇಲೆ ಲೋಬಾನ. ಹೊಗೆಗೆ ಕರು ಸೀನಿದರೆ "ಬದುಕು ಬದುಕು" ಎಂದು ನೆತ್ತಿ ತಟ್ಟುತ್ತಿದ್ದಳು. ಚಳಿಗಾಲವೆಂದು ಯಾವುದೋ ಕೂಸಿನ ಕುಲಾವಿಯನ್ನು ಅದರ ತಲೆಗೆ ಕಟ್ಟಿದಳು. ಹಸಿರು ಖಣದ ಕುಲಾವಿ, ಅಂಚಿಗೆ ಗೋಟು. ಎರಡೂ ಕಿವಿ ಪಕ್ಕದಿಂದ ಹೊರಗೆ ಚಾಚಿಕೊಂಡು, ಗಲ್ಲದ ಮೇಲೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟುಕೊಂಡು, ಕರು ನಮ್ಮ ಸ್ಕೂಲಿನ ಫ್ಯಾನ್ಸಿ ಡ್ರೆಸ್ಸಿಗೆ ಹೊರಟ ಹಾಗೆ ಕಾಣುತ್ತಿತ್ತು. ತಾಯಿ ಆಕಳನ್ನೂ ಬಿಡಲಿಲ್ಲ. ಬಾಣಂತಿಗೆ ಮಾಡುವ ಅಂಟಿನ ಉಂಡೆಯನ್ನು ಬೆಲ್ಲ, ಅಜವಾನ ಹಾಕಿ ಕಟ್ಟಿ ತಿನ್ನಿಸಿದಳು. ನಮಗೆ ಒಂದೂ ಕೊಡಲಿಲ್ಲ. ಕೇಳಿದ್ದಕ್ಕೆ "ನೀ ಏನು ಹಡದೀಯೇನ?" ಎಂದಳು.

ಕರು ಹಸಿದು ಕೂಗಿದರೆ ಸಾಕು, ಯಾರಾದರೂ ಓಡಿ ಹೋಗಿ ಹೊಟ್ಟೆಯಡಿ ಕೈ ಹಾಕಿ ಎತ್ತಿಕೊಂಡು ಬಂದು ಕೆಚ್ಚಲಿಗೆ ಹಿಡಿಯಬೇಕು. ಹೆಚ್ಚಿನ ಪಾಳಿ ಮಾವನದು. ಮಾವ ತಾಯಿಯ ಮಾತಿಗೆ ಎದುರಾಡುವವನಲ್ಲ, ಹೆಂಡತಿಯ ಮುಖ ನೋಡುವ ಧೈರ್ಯವೂ ಇಲ್ಲ. ಎರಡರ ನಡುವೆ ಕರುವನ್ನು ಹೊತ್ತು ಸುಮ್ಮನೆ ಓಡಾಡುತ್ತಿದ್ದ.

"ಲೇ, ಮದಿವ್ಯಾಗ ಬಾಸಿಂಗ ಕಟಿಗೊಂಡಾಗೂ ನಿನ್ನ ಮಾರಿ ಇಷ್ಟು ಕೆಂಪಾಗಿರಲಿಲ್ಲ," ಎಂದು ತಾತ ಛೇಡಿಸುತ್ತಿದ್ದ.

ಹೀಗೆ ಕರು ಹೊತ್ತವರ ತೋಳಿನಲ್ಲಿ ಹಾಯಾಗಿ ತೂಗಾಡಿಕೊಂಡು ಹಾಲು ಕುಡಿಯಿತು. ದಬ್ಬೆ ಬಿಚ್ಚಿ ಎಳೆದರೆ ಕಾಲು ಮೊದಲಿಗಿಂತ ಸಲೀಸಾಗಿ ನೇರ ಬರುತ್ತಿತ್ತು. ನೆಲಕ್ಕೆ ಇಟ್ಟರೆ ಮಾತ್ರ ನಿಲ್ಲುತ್ತಿರಲಿಲ್ಲ. ನಿಲ್ಲಬೇಕಾದ ಪ್ರಸಂಗವೇ ಅದಕ್ಕೆ ಬಂದಿರಲಿಲ್ಲ. ಇಳಿಸಿದ ಕೂಡಲೇ ಮಲಗಿ, ಕುಲಾವಿಯೊಳಗಿಂದ ನಮ್ಮನ್ನೇ ನೋಡುತ್ತಿತ್ತು, ಎತ್ತಿಕೊಳ್ಳಿ ಎಂಬಂತೆ.

ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗ, ಅತ್ತೆ ಪಲ್ಯ ಬಡಿಸುತ್ತ ಅಜ್ಜಿಯ ಎಲೆಯ ಮುಂದೆ ನಿಂತಳು. ಸೆರಗು ಹಲ್ಲಿನಿಂದ ಬಿಟ್ಟಳು.

"ಅತ್ತಿ, ಡಾಕ್ಟರು ಗಟ್ಟಿ ನೆಲಕ್ಕ ಬಿಡ್ರಿ ಅಂದಿದ್ರು."

ಅಜ್ಜಿ ತಲೆ ಎತ್ತಲಿಲ್ಲ. "ಡಾಕ್ಟರು ಎಷ್ಟು ಹಡದಾರಂತ?"

ಪಂಕ್ತಿಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಅತ್ತೆ ಮತ್ತೆ ಸೆರಗು ಕಚ್ಚಿ ಮುಂದಿನ ಎಲೆಗೆ ಹೋದಳು. ನಾಡಿದ್ದು ಬಂಡಿ ಹೊರಡುವುದಿತ್ತು. ತಾತ ಆಗಲೇ ಬಂಡಿಯ ಕೀಲಿಗೆ ಎಣ್ಣೆ ಹಾಕಿಸಿ, ಅಂಗಳದಲ್ಲಿ ಮೂಕಿ ಊರಿ ನಿಲ್ಲಿಸಿದ್ದ.

ಮರುದಿನ ಎಳ್ಳಮಾವಾಸ್ಯೆ. ಜೋಳದ ಹೊಲಕ್ಕೆ ಹೋಗಿ, ಭೂತಾಯಿಗೆಂದು ಅಡಿಗೆಯನ್ನು ಪೈರಿನ ಮೇಲೆ ಚರಗ ಚೆಲ್ಲಿ, ಬನ್ನಿಗಿಡದ ಕೆಳಗೆ ಕೂತು ಉಣ್ಣುವ ಹಬ್ಬ. ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು, ಎಳ್ಳಿನ ಹೋಳಿಗೆ, ಎಲ್ಲ ಬುಟ್ಟಿಗೆ ತುಂಬಿತು. ಹೊರಡುವ ಹೊತ್ತಿಗೆ ಅತ್ತೆ ಅಜ್ಜಿಯ ಹತ್ತಿರ ಬಂದು, ಕರುವಿಗೆ ಎಣ್ಣೆ ತಿಕ್ಕುವುದಿದೆ, ತಾನು ಮನೆಯಲ್ಲೇ ಇರುತ್ತೇನೆ ಎಂದಳು. ಅಜ್ಜಿಗೆ ಸಂತೋಷವಾಯಿತು. ಸೊಸೆಗೆ ಅಂತೂ ಬಾಣಂತನದ ಬುದ್ಧಿ ಬಂತು ಎಂದುಕೊಂಡಿರಬೇಕು. "ಕೌದಿ ಸರಿಯಾಗಿ ಹೊಚ್ಚು," ಎಂದು ಹೇಳಿ ಬಂಡಿ ಹತ್ತಿದಳು. ಅತ್ತೆ ನನ್ನ ಕಡೆ ನೋಡಿ, "ನೀನೂ ಇರತೀಯೇನವ್ವಾ? ಗಂಟು ಹಾಕೋದು ಐತಿ," ಎಂದಳು. ಹೋಳಿಗೆಯನ್ನು ಬಿಟ್ಟು ನಾನು ಉಳಿದೆ. ಅದು ಸಣ್ಣ ತ್ಯಾಗವಲ್ಲ.

ಬಂಡಿಯ ಸದ್ದು ಓಣಿಯ ತುದಿ ದಾಟಿದ್ದೇ ತಡ, ಅತ್ತೆ ಸೆರಗನ್ನು ಸೊಂಟಕ್ಕೆ ಸಿಗಿಸಿದಳು. ತಲೆಯ ಮೇಲೆ ಸೆರಗಿಲ್ಲದ ಅತ್ತೆಯನ್ನು ನಾನು ಮೊದಲ ಸಲ ನೋಡಿದ್ದು. ಎಣ್ಣೆ ಹಚ್ಚಿ ಬಾಚಿದ ಕೂದಲು, ಅಗಲ ಹಣೆ. ನಮ್ಮ ಸೀನಿಯರ್ ಕ್ಲಾಸಿನ ಹುಡುಗಿಯರಿಗಿಂತ ಅವಳೇನು ಬಹಳ ದೊಡ್ಡವಳಲ್ಲ ಎಂದು ಆಗ ಹೊಳೆಯಿತು.

ಕುಲಾವಿ ಬಿಚ್ಚಿ ಗೂಟಕ್ಕೆ ಸಿಕ್ಕಿಸಿದಳು. ದಬ್ಬೆ ಬಿಚ್ಚಿ, ಎಣ್ಣೆ ತಿಕ್ಕಿ, ಗೊರಸು ಬೆಚ್ಚಗಿದೆಯೇ ಎಂದು ಕೈಯಲ್ಲಿ ಮುಟ್ಟಿ ನೋಡಿದಳು. ಹೊಸ ಅರಳೆ ಸುತ್ತಿ ದಬ್ಬೆ ಇಟ್ಟಳು. ನಾನು ರೀಫ್ ನಾಟ್ ಹಾಕಿದೆ. ಆಮೇಲೆ ಆಕಳನ್ನು ಹೊಡೆದುಕೊಂಡು ಹೋಗಿ, ಅಂಗಳದ ಆಚೆ ತುದಿಯ ಬೇವಿನ ಮರಕ್ಕೆ ಕಟ್ಟಿದಳು. ಅಂಗಳಕ್ಕೆ ಬಂಡೆಗಲ್ಲು ಹಾಸಿತ್ತು. ಕುರುಗೋಡಿನಲ್ಲಿ ಮಣ್ಣಿಗಿಂತ ಕಲ್ಲೇ ಅಗ್ಗ. ಕರುವನ್ನು ತಂದು ಈಚೆ ತುದಿಯಲ್ಲಿ ಕಲ್ಲಿನ ಮೇಲೆ ಇಳಿಸಿದಳು.

ಆಕಳು ಕೂಗಿತು. ಕರು ಕೂಗಿತು. ಎತ್ತುವವರು ಬರಲಿಲ್ಲ. ಮತ್ತೆ ಕೂಗಿತು. ನಾನು ಏಳಲು ಹೋದೆ. ಅತ್ತೆ ನನ್ನ ಜಡೆ ಹಿಡಿದು ಕೂರಿಸಿದಳು.

"ಸುಮ್ಮನ ಕುಂದ್ರು."

ಅವಳು ಕಟ್ಟೆಯ ಮೇಲೆ ತನ್ನ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು. ಕೈ ತಾನಾಗಿ ಹೋಗಿ ಎತ್ತಿಬಿಟ್ಟೀತೆಂಬ ಭಯ ಅವಳಿಗೂ ಇತ್ತು.

ಕರು ಹಿಂಗಾಲು ಎತ್ತಿತು. ಹಿಂಭಾಗ ಮೇಲೆ, ಮೂತಿ ಕೆಳಗೆ, ಹಾಗೇ ಸ್ವಲ್ಪ ಹೊತ್ತು ಯೋಚಿಸಿತು. ಒಂದು ಮುಂಗಾಲು ಊರಿತು, ದಬ್ಬೆ ಕಲ್ಲಿಗೆ ಟಕ್ ಎಂದಿತು. ಆ ಸದ್ದಿಗೇ ಬೆದರಿ ಮಗುಚಿ ಬಿತ್ತು. ಮತ್ತೆ ಎದ್ದಿತು, ಬಿತ್ತು. ಗದ್ದ ತರಚಿತು. ಅತ್ತೆಯ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈಯನ್ನು ಹೊರಗೆ ತೆಗೆಯಲಿಲ್ಲ. ಬಿಸಿಲು ಏರಿತು. ಒಮ್ಮೆ ಎರಡೂ ಮುಂಗಾಲು ಊರಿ ನಿಂತೇಬಿಟ್ಟಿತು; ನಾನು ಚಪ್ಪಾಳೆ ತಟ್ಟಿದ್ದಕ್ಕೆ ಮತ್ತೆ ಬಿತ್ತು. ಅತ್ತೆ ನನ್ನನ್ನು ನೋಡಿದ ನೋಟ ಮದರ್ ಸುಪೀರಿಯರಿನದಕ್ಕೇನೂ ಕಡಿಮೆ ಇರಲಿಲ್ಲ.

ಬಿದ್ದಲ್ಲೇ ಸುಧಾರಿಸಿಕೊಂಡು, ಎದ್ದು, ನಾಲ್ಕು ಹೆಜ್ಜೆ ಹಾಕಿ, ಮತ್ತೆ ಕೂತು, ಹೀಗೆ ಅದು ಅಂಗಳದ ನಡುವಿನ ತನಕ ಬಂದಿತ್ತು. ಅಷ್ಟರಲ್ಲಿ ಬಾಗಿಲ ಹತ್ತಿರ ಬಂಡಿ ನಿಂತಿತು. ಚರಗ ಚೆಲ್ಲಿ ಊಟ ಮುಗಿಸುವವರೆಗೂ ಅಜ್ಜಿಗೆ ತಾಳ್ಮೆ ಇರಲಿಲ್ಲವಂತೆ, ಸಂಜೆಯ ಲೋಬಾನ ತಪ್ಪೀತೆಂದು ಎಲ್ಲರನ್ನೂ ಎಬ್ಬಿಸಿಕೊಂಡು ಬಂದಿದ್ದಳು. ಒಳಗೆ ಕಾಲಿಟ್ಟವಳು ನೋಡಿದ್ದು, ಬರಿತಲೆಯ ಕರು ಸುಡುವ ಕಲ್ಲಿನ ಮೇಲೆ ಮೂತಿ ಊರಿ ಕೂಗುತ್ತಿರುವುದನ್ನು. ಕಟ್ಟೆಯ ಮೇಲೆ ಬರಿತಲೆಯ ಸೊಸೆ ಸುಮ್ಮನೆ ಕೂತಿರುವುದನ್ನು.

"ಅಯ್ಯ ನಿನ್ನ ಕೈ ಸೇದಿಹೋಗ್ಲಿ, ಎಳಿಗರ ಹಿಂಗ ಬಿಸಾಕೀಯಲ್ಲ," ಎನ್ನುತ್ತ ಎರಡೂ ಕೈ ಚಾಚಿಕೊಂಡು ಕರುವಿನ ಕಡೆ ಓಡಿದಳು.

ಅತ್ತೆ ಅದಕ್ಕಿಂತ ಬೇಗ ಎದ್ದಳು. ಅಜ್ಜಿಗೂ ಕರುವಿಗೂ ನಡುವೆ ಹೋಗಿ ನಿಂತಳು.

"ಎತ್ತಬ್ಯಾಡ್ರಿ ಅತ್ತಿ."

"ಏನಂದಿ?"

"ಎತ್ತಬ್ಯಾಡ್ರಿ ಅಂದೆ."

ಬಾಗಿಲಲ್ಲಿ ಬುಟ್ಟಿ ಹೊತ್ತು ನಿಂತಿದ್ದ ಮಾವ ಅಲ್ಲೇ ನಿಂತ. ತಾತ ಬಂಡಿಯಿಂದ ಇಳಿಯುತ್ತಿದ್ದವನು ಒಂದು ಕಾಲನ್ನು ಮೇಲೇ ಇಟ್ಟುಕೊಂಡ.

"ಸರಿ ಆ ಕಡೆ," ಎಂದಳು ಅಜ್ಜಿ. "ಊರಾಗಿನ ಕೂಸೆಲ್ಲ ಈ ಕೈಯಾಗ ಬೆಳದಾವು. ನಿನ್ನ ಗಂಡನ್ನೂ ಇದ ಕೈಲೆ ಎರದು ನೆಟ್ಟಗ ಮಾಡೀನಿ. ನನಗ ಹೇಳಾಕ ಬರತೀಯೇನು?"

"ನೆಟ್ಟಗ ಮಾಡೀರಿ, ಇಲ್ಲ ಅನ್ನಂಗಿಲ್ರಿ. ಆದ್ರ ಕೂಸು ನಡಿಯಾಕ ವರ್ಷ ಬೇಕಲ್ರಿ ಅತ್ತಿ. ಇದಕ್ಕ ವರ್ಷ ಎಲ್ಲೈತ್ರಿ? ನೀವ ಹೇಳೀರಿ, ನಾಳಿಗೆ ಬಂಡಿ ಹೊಂಡತೈತಿ."

ಅತ್ತೆ ಅಷ್ಟಕ್ಕೇ ನಿಲ್ಲಿಸಲಿಲ್ಲ.

"ನೀವು ಎತ್ತಿದ್ರ ಅದು ಈಗ ಸುಮ್ಮನಾಗತೈತಿ. ನಾಳಿಗೆ ಬಂಡ್ಯಾಗ ಹೋಗತೈತಿ. ಎತ್ತಬೇಕಂದ್ರ ಎತ್ರಿ. ನಾನೂ ಅದರ ಸಂಗಾಟ ಬಂಡಿ ಹತ್ತೀನಿ, ಮುಂದ ಕರಿಯಾಕ ಬರಬ್ಯಾಡ್ರಿ."

ಇಂಥ ಮಾತು ಆ ಅಂಗಳದಲ್ಲಿ ಅದಕ್ಕೂ ಮೊದಲು ಯಾರೂ ಆಡಿರಲಿಲ್ಲ. ಅಜ್ಜಿ ಮಗನ ಕಡೆ ನೋಡಿದಳು. ಮಾವ ಬುಟ್ಟಿಯೊಳಗೆ ಏನೋ ಹುಡುಕುವವನ ಹಾಗೆ ಬಗ್ಗಿದ. ತಾತನ ಕಡೆ ನೋಡಿದಳು.

"ನನ್ನೇನು ನೋಡತಿ?" ಎಂದ ತಾತ. "ನಿಂದೂ ಕರ ಒಂದಿತ್ತು. ಅದಕ್ಕ ಯಾರು ಅಡ್ಡ ಬಂದ್ರೂ ನೀನು ಬಿಟ್ಟಿದ್ದೇನು?"

ಇವರ ಮಾತು ನಡೆದಿರುವಾಗ ಕರುವನ್ನು ಯಾರೂ ನೋಡುತ್ತಿರಲಿಲ್ಲ, ನನ್ನ ಹೊರತು. ಅಜ್ಜಿಯ ದನಿ ಕೇಳಿ ಎತ್ತಿಕೊಳ್ಳುತ್ತಾಳೆಂದು ಕಾದಿರಬೇಕು. ಕಾದು ಸಾಕಾಗಿ ಹಿಂಗಾಲು ಎತ್ತಿತು. ಮುಂಗಾಲು ಒಂದೊಂದಾಗಿ ಊರಿತು. ಟಕ್, ಟಕ್, ಹೊಸ ಹೀಲ್ಸ್ ಹಾಕಿಕೊಂಡ ಮದುಮಗಳ ಹಾಗೆ, ಕಾಲುಗಳನ್ನು ಅಗಲಿಸಿಕೊಂಡು, ಮೈಯೆಲ್ಲ ಅಲ್ಲಾಡಿಸುತ್ತ, ಅತ್ತೆಯ ಬೆನ್ನ ಹಿಂದಿನಿಂದ ಹಾದು ಬೇವಿನ ಮರದ ಕಡೆ ಹೊರಟಿತು. ನಡುವೆ ಒಮ್ಮೆ ವಾಲಿತು. ಅಜ್ಜಿಯ ಕೈ ತಾನಾಗಿ ಮುಂದೆ ಬಂತು. ಬಂದ ಕೈಯನ್ನು ಅವಳೇ ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಕರು ಬೀಳಲಿಲ್ಲ. ಹೋಗಿ ತಾಯಿಯ ಕೆಚ್ಚಲಿಗೆ ತಲೆ ಗುದ್ದಿತು. ಸ್ವಲ್ಪ ಹೊತ್ತಿನಲ್ಲಿ ಬಾಲ ಆಡತೊಡಗಿತು. ಹಾಲು ಇಳಿದಿದೆ ಎಂಬುದಕ್ಕೆ ಬಾಲವೇ ಸಾಕ್ಷಿ.

ಚಪ್ಪರಿಸುವ ಸದ್ದೊಂದೇ ಕೇಳುತ್ತಿತ್ತು.

"ಕುಲಾವಿ ಎಲ್ಲಿ?" ಎಂದಳು ಅಜ್ಜಿ ಕೊನೆಗೆ. "ಬಿಸಿಲು ಐತಿ."

"ಬಿಚ್ಚಿಟ್ಟೀನ್ರಿ."

"ಹೂಂ," ಎಂದು ಒಳಗೆ ಹೋದಳು. ಒಳಗಿನಿಂದ ಪಾತ್ರೆಗಳ ಸದ್ದು ಜೋರಾಗಿ ಬಂತು. ಆಮೇಲೆ ಒಂದು ಅಂಟಿನ ಉಂಡೆ ತಂದು ಆಕಳ ಬಾಯಿಗಿಟ್ಟಳು. ಇನ್ನೊಂದನ್ನು ಸೊಸೆಯ ಕೈಯಲ್ಲಿ ಹಾಕಿದಳು, ಮುಖ ನೋಡದೆ. ಅತ್ತೆ ಅದನ್ನು ಮುರಿದು ಅರ್ಧ ನನಗೆ ಕೊಟ್ಟಳು.

ದಬ್ಬೆಗಳನ್ನು ಪೂರ್ತಿ ಬಿಚ್ಚಿದ್ದು ನಾನು ಸ್ಕೂಲಿಗೆ ಮರಳಿದ ಮೇಲೆ. ಎಡಗಾಲಿನ ಗೊರಸು ತುಸು ಒಳಕ್ಕೆ ತಿರುಗಿಯೇ ಉಳಿಯಿತು. ನಡೆದರೆ ತಿಳಿಯುತ್ತಿರಲಿಲ್ಲ, ಓಡಿದರೆ ಮಾತ್ರ ಒಂದು ಬಗೆಯ ವೈಯಾರ ಕಾಣುತ್ತಿತ್ತು. ಮುಂದೆ ಅದು ಈದಾಗ ನಾನು ಕಾಲೇಜಿನಲ್ಲಿದ್ದೆ. ಆ ಕಡೆ ಆಗ ಹೊಸ ಕಾಲುವೆ ಅಗೆಯುತ್ತಿದ್ದರು. ಅತ್ತೆ ಬೆಣ್ಣೆ ಮಾರಿ ತನಗೆ ಬೇಕಾದ್ದನ್ನು ತಾನೇ ಕೊಂಡುಕೊಳ್ಳುತ್ತಾಳೆ ಎಂದು ಅಮ್ಮ ಹೇಳು‌ತ್ತಿದ್ದಳು. ಈಗ ಅವರು ಯಾರೂ ಇಲ್ಲ. ಹರಳೆಣ್ಣೆ ಕಾಯಿಸಿದ ವಾಸನೆ ಎಲ್ಲಾದರೂ ಬಂದರೆ ಆ ಕತ್ತಲೆ ಕೋಣೆಯೇ ನನ್ನ ಕಣ್ಣಿಗೆ ಕಟ್ಟುತ್ತದೆ. ಸಿಲ್ಲಿ, ಐ ನೋ.

ಎಳ್ಳಮಾವಾಸ್ಯೆಯ ಮರುದಿನ ಬೆಳಿಗ್ಗೆ ಬಂಡಿ ಹೊರಟು ನಿಂತಿತು. ಹಿಂದೆ ಆಕಳೂ ಇರಲಿಲ್ಲ, ಒಳಗೆ ಕರುವೂ ಇರಲಿಲ್ಲ, ಖಾಲಿ ಚೀಲಗಳ ಮೇಲೆ ತಾತ ಒಬ್ಬನೇ ಕೂತಿದ್ದ. ಅಜ್ಜಿ ಚಕ್ರದ ಪಕ್ಕ ನಿಂತು ಬೀಗರಿಗೆ ಸಂದೇಶ ಕಳಿಸುತ್ತಿದ್ದಳು.

"ನಿಮ್ಮ ಆಕಳ ಕರ ಸೊಟ್ಟ ಕಾಲಿಂದ ಹುಟ್ಟಿತ್ತು, ನಮ್ಮ ಮನ್ಯಾಗ ನೆಟ್ಟಗಾತು ಅಂತ ಹೇಳ್ರಿ. ಮರೀಬ್ಯಾಡ್ರಿ. ಎಣ್ಣಿ ನಂದ ಅಂತಾನೂ ಹೇಳ್ರಿ."

"ಹೇಳತೀನಿ ಬಿಡು."

ಅತ್ತೆ ಬಾಗಿಲಿಂದ ಹೊರಗೆ ಬಂದಳು. ಸೆರಗು ತಲೆಯ ಮೇಲೆ ಇತ್ತು, ಹಲ್ಲಿನಲ್ಲಿ ಇರಲಿಲ್ಲ.

"ಮಾವಾರ, ನಮ್ಮವ್ವಗ ಒಂದು ಮಾತು ಹೇಳ್ರಿ. ಹೆಣ್ಣುಗರ ಆಗೈತಿ ಅಂತ. ನಂದು ಅಂತ."

ಎತ್ತುಗಳು ಹೆಜ್ಜೆ ಕಿತ್ತವು. ಅಜ್ಜಿ ಸೊಸೆಯ ಕಡೆ ತಿರುಗಿ, "ನಿಂದಲ್ಲದ ಮತ್ತ ನಂದೇನು? ಹೋಗು, ಹಾಲು ಕರಕೊಂಡು ಬಾ," ಎಂದಳು.